ಉಪ್ಪು ಹಾಕದೇ ಇದ್ದರೆ ಏನಾಗುತ್ತಿತ್ತು?

ಬಿ.ಎಸ್ಸಿ. ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಈರುಳ್ಳಿಯಿಂದ ಡಿಎನ್‌ಎ ತೆಗೆಯುವುದು ಹೇಗೆ ಅಂತ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅರೆಯಬೇಕು, ಡಿಟರ್ಜೆಂಟ್ ಹಾಕಬೇಕು, ಉಪ್ಪು ಹಾಕಬೇಕು, ಸೋಸಬೇಕು, ತಣ್ಣಗಿನ ಆಲ್ಕೋಹಾಲ್ ಸುರಿಯಬೇಕು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಹೊರಗಿನ ಕಾಲೇಜಿನಿಂದ ಬಂದಿದ್ದ ಮೇಡಂ ಪೂರ್ತಿ ಕೇಳಿಸಿಕೊಂಡು, "ಉಪ್ಪು ಹಾಕಬೇಕು ಅಂದೆಯಲ್ಲಮ್ಮ, ಹಾಕದೇ ಇದ್ದರೆ ಏನಾಗ್ತಿತ್ತು?" ಅಂದರು.

ನಾನು ಸುಮ್ಮನೆ ನಿಂತೆ. ಪುಸ್ತಕದಲ್ಲಿ ಹಾಕಬೇಕು ಅಂತ ಇತ್ತು, ಹಾಕಿದ್ದೆ. ಅಷ್ಟೇ.

ಎಸ್ಸೆಸ್ಸೆಲ್ಸಿವರೆಗೆ ನನ್ನದು ಕನ್ನಡ ಮೀಡಿಯಂ. ಪಿಯುಸಿಯಲ್ಲಿ ವಿಜ್ಞಾನ ಅಂದರೆ ಇಂಗ್ಲಿಷ್ ಪದಗಳ ಉದ್ದದ ಪಟ್ಟಿ ಆಗಿಬಿಟ್ಟಿತ್ತು. ಅರ್ಥವಾಗದ್ದನ್ನು ಬಾಯಿಪಾಠ ಮಾಡುವುದು ಚೆನ್ನಾಗಿ ಅಭ್ಯಾಸವಾಗಿತ್ತು. ನೆನಪಿನ ಶಕ್ತಿ ಚೆನ್ನಾಗಿದ್ದರೆ ಇದೇ ತೊಂದರೆ. ನಮಗೆ ಅರ್ಥವಾಗಿಲ್ಲ ಅನ್ನೋದು ನಮಗೇ ಗೊತ್ತಾಗಲ್ಲ.

ಆ ಭಾನುವಾರ ಮನೆಯಲ್ಲಿ ಮೂರು ಗಾಜಿನ ಲೋಟ ಇಟ್ಟುಕೊಂಡೆ. ಒಂದೊಂದಕ್ಕೂ ಅರ್ಧ ಬಾಳೆಹಣ್ಣು ಕಿವುಚಿ ಹಾಕಿದೆ. ಒಂದಕ್ಕೆ ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡನ್ನೂ ಹಾಕಿದೆ. ಎರಡನೆಯದಕ್ಕೆ ಉಪ್ಪಿಲ್ಲ. ಮೂರನೆಯದಕ್ಕೆ ಲಿಕ್ವಿಡ್ ಇಲ್ಲ. ಸೋಸಿ, ಮೆಡಿಕಲ್ ಸ್ಟೋರ್‌ನಿಂದ ತಂದು ಫ್ರೀಜರ್‌ನಲ್ಲಿ ಇಟ್ಟಿದ್ದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಲೋಟದ ಅಂಚಿನಿಂದ ನಿಧಾನಕ್ಕೆ ಬಿಟ್ಟೆ. ಮೊದಲ ಲೋಟದಲ್ಲಿ ಬಿಳಿ ನೂಲಿನಂಥದ್ದು ದಂಡಿಯಾಗಿ ಮೇಲೆ ಬಂತು. ಉಪ್ಪಿಲ್ಲದ್ದರಲ್ಲಿ ತೀರಾ ಕಡಿಮೆ. ಡಿಎನ್‌ಎಯ ಬೆನ್ನೆಲುಬಿನ ತುಂಬ ಋಣ ವಿದ್ಯುದಂಶ ಇರುತ್ತದೆ. ಅದಕ್ಕೇ ಎಳೆಗಳು ಒಂದನ್ನೊಂದು ದೂರ ತಳ್ಳಿಕೊಂಡು ನೀರಿನಲ್ಲೇ ಉಳಿಯುತ್ತವೆ. ಉಪ್ಪಿನ ಸೋಡಿಯಂ ಅದನ್ನು ಮುಚ್ಚಿದರೆ ಮಾತ್ರ ಆಲ್ಕೋಹಾಲ್‌ನಲ್ಲಿ ಎಳೆಗಳು ಒಟ್ಟಿಗೆ ಸೇರಿ ಹೊರಗೆ ಬೀಳುತ್ತವೆ.

ನನ್ನ ತಲೆ ಕೆಡಿಸಿದ್ದು ಮೂರನೇ ಲೋಟ. ಲಿಕ್ವಿಡ್ ಇಲ್ಲದಿದ್ದರೆ ಜೀವಕೋಶದ ಕೊಬ್ಬಿನ ಪೊರೆ ಒಡೆಯಲ್ಲ, ಏನೂ ಬರಲ್ಲ ಅಂದುಕೊಂಡಿದ್ದೆ. ಆದರೂ ಸಾಕಷ್ಟು ಲೋಳೆ ಬಂತು. ಒಂದು ವಾರ ಹುಡುಕಿದ ಮೇಲೆ ಗೊತ್ತಾಯಿತು. ಬಾಳೆಹಣ್ಣಿನ ಪೆಕ್ಟಿನ್ ಕೂಡ ಆಲ್ಕೋಹಾಲ್‌ನಲ್ಲಿ ಹೀಗೇ ಗಟ್ಟಿಯಾಗುತ್ತದೆ. ಜಾಮ್ ಗಟ್ಟಿಯಾಗುವುದಕ್ಕೆ ಕಾರಣವಾದ ಅದೇ ಪೆಕ್ಟಿನ್. ಅಂದರೆ ಮೊದಲ ಲೋಟದಲ್ಲಿ ನಾನು ಡಿಎನ್‌ಎ ಅಂತ ಅಮ್ಮನಿಗೆ ತೋರಿಸಿ ಬೀಗಿದ್ದರಲ್ಲೂ ಒಳ್ಳೆಯ ಪಾಲು ಅದೇ ಇತ್ತು!

ಅವತ್ತಿನಿಂದ ರೆಕಾರ್ಡ್ ಬುಕ್ಕಿನ ಬಲಗಡೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, "ಇಲ್ಲದಿದ್ದರೆ?" ಅಂತ ತಲೆಬರಹ ಕೊಟ್ಟು, ಪ್ರತಿ ಹೆಜ್ಜೆಯ ಎದುರಿಗೂ ಉತ್ತರ ಬರೆಯತೊಡಗಿದೆ. ಗೊತ್ತಿಲ್ಲದಿದ್ದರೆ ಖಾಲಿ ಬಿಡುತ್ತಿದ್ದೆ. ಮೊದಮೊದಲು ಮುಕ್ಕಾಲು ಪಾಲು ಖಾಲಿಯೇ.

ಥಿಯರಿಗೂ ಇದೇ ಮದ್ದು ಕೆಲಸಕ್ಕೆ ಬಂತು. ಟ್ರಾನ್ಸ್‌ಕ್ರಿಪ್ಷನ್, ಟ್ರಾನ್ಸ್‌ಲೇಷನ್ ಎರಡನ್ನೂ ಅದಲುಬದಲು ಮಾಡಿಕೊಳ್ಳುತ್ತಿದ್ದೆ. ಕನ್ನಡದಲ್ಲಿ ಯೋಚಿಸಿದರೆ ಗೊಂದಲವೇ ಇಲ್ಲ. ಮೊದಲನೆಯದು ನಕಲು, ಎರಡನೆಯದು ಅನುವಾದ. ಡಿಎನ್‌ಎಯಿಂದ ಆರ್‌ಎನ್‌ಎ ಬರುವಾಗ ಭಾಷೆ ಬದಲಾಗಲ್ಲ. ಆರ್‌ಎನ್‌ಎಯಿಂದ ಪ್ರೋಟೀನ್ ಬರುವಾಗ ಬದಲಾಗುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳನ್ನು (ಎ, ಟಿ, ಜಿ, ಸಿ) ಮೂರುಮೂರರಂತೆ ಜೋಡಿಸಿದರೆ 64 ಕೋಡಾನ್, ಅಂದರೆ ಮೂರಕ್ಷರದ ಪದ. ಮೂರು 'ನಿಲ್ಲಿಸು' ಅನ್ನುತ್ತವೆ, ಉಳಿದ 61 ಸೇರಿ 20 ಅಮೈನೊ ಆಮ್ಲಗಳನ್ನು ಹೇಳುತ್ತವೆ. ಈ ಸಂಕೇತ ಬಿಡಿಸಿದ್ದಕ್ಕೇ ನಮ್ಮ ಹರಗೋಬಿಂದ್ ಖುರಾನಾ ಅವರಿಗೆ 1968ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂದದ್ದು.

ಒಂದು ಅಕ್ಷರ ಬಿದ್ದುಹೋದರೆ? ಅದಕ್ಕೆ ನಾನೇ ಒಂದು ವಾಕ್ಯ ಕಟ್ಟಿಕೊಂಡೆ. ಎಲ್ಲ ಮೂರಕ್ಷರದ ಪದಗಳು: "ಕಮಲ ಮಗಳ ಲಂಗವ ಹೊಲಿದು ಕೊಟ್ಟಳು." ಕಮಲದ 'ಮ' ತೆಗೆದು, ಮತ್ತೆ ಮೂರುಮೂರಾಗಿ ಓದಿ. "ಕಲಮ ಗಳಲಂ ಗವಹೊ ಲಿದುಕೊ ಟ್ಟಳು." ಹೋದದ್ದು ಒಂದೇ ಅಕ್ಷರ, ಆದರೆ ಅಲ್ಲಿಂದ ಮುಂದೆ ಪೂರ್ತಿ ಕಸ. ಅದೇ 'ಮಗಳ' ಅನ್ನುವ ಮೂರೂ ಅಕ್ಷರ ತೆಗೆಯಿರಿ. ಯಾರ ಲಂಗ ಅನ್ನೋದು ಗೊತ್ತಾಗಲ್ಲ, ಆದರೆ ಕಮಲ ಲಂಗ ಹೊಲಿದು ಕೊಡುತ್ತಾಳೆ. ಫ್ರೇಮ್‌ಶಿಫ್ಟ್ ಮ್ಯುಟೇಷನ್, ಅಂದರೆ ಒಂದಕ್ಷರ ಬಿದ್ದು ಮುಂದಿನ ಓದೆಲ್ಲ ಸರಿದುಹೋಗುವುದು, ಇಷ್ಟೇ. ನನ್ನ ಜೂನಿಯರ್‌ಗಳಿಗೆ ಈಗಲೂ ಕಮಲನ ಕಥೆಯನ್ನೇ ಹೇಳುತ್ತೇನೆ.

ಡಿಎನ್‌ಎಯ ಒಂದು ತುಂಡನ್ನು ಯಂತ್ರದಲ್ಲಿ ಸುತ್ತುಸುತ್ತಾಗಿ ನಕಲು ಮಾಡುವ ಪಿಸಿಆರ್ ಬಂದಾಗ ಬಲಗಡೆಯ ಸಾಲು ಜೋರಾಗಿ ತುಂಬಿತು. ನಕಲು ಮಾಡುವ, ಬಿಸಿಗೆ ಜಗ್ಗದ ಟ್ಯಾಕ್ ಎಂಜೈಮ್ ಇಲ್ಲದಿದ್ದರೆ? ಪ್ರತಿ ಸುತ್ತಿನಲ್ಲೂ 95 ಡಿಗ್ರಿಗೆ ಕಾಯಿಸಿದಾಗ ಎಂಜೈಮ್ ಹಾಳಾಗುತ್ತದೆ, ಮತ್ತೆ ಹೊಸದು ಹಾಕಬೇಕು. ಶುರುವಿನಲ್ಲಿ ಹಾಗೇ ಮಾಡುತ್ತಿದ್ದರಂತೆ. ಮೆಗ್ನೀಷಿಯಂ ಇಲ್ಲದಿದ್ದರೆ? ಟ್ಯಾಕ್ ಕೆಲಸವನ್ನೇ ಮಾಡಲ್ಲ. ನಕಲು ಎಲ್ಲಿಂದ ಶುರುವಾಗಬೇಕು ಅಂತ ತೋರಿಸುವ ಡಿಎನ್‌ಎಯ ಪುಟ್ಟ ತುಂಡುಗಳು, ಅಂದರೆ ಎರಡು ಪ್ರೈಮರ್‌ಗಳು, ಅವುಗಳಲ್ಲಿ ಒಂದು ಇಲ್ಲದಿದ್ದರೆ? ಇದಕ್ಕೆ ಲೆಕ್ಕ ಹಾಕಿ ಬೆಚ್ಚಿಬಿದ್ದೆ. ಎರಡೂ ಇದ್ದರೆ ಪ್ರತಿ ಸುತ್ತಿಗೂ ದುಪ್ಪಟ್ಟು. ಎಲ್ಲ ಸರಿಯಾಗಿ ನಡೆದರೆ 30 ಸುತ್ತಿಗೆ ಒಂದು ಪ್ರತಿ ಸುಮಾರು 107 ಕೋಟಿ ಆಗುತ್ತದೆ. ಒಂದೇ ಪ್ರೈಮರ್ ಇದ್ದರೆ ಸುತ್ತಿಗೆ ಒಂದೇ ಹೊಸ ಪ್ರತಿ. 30 ಸುತ್ತಿಗೆ ಬರೀ 30!

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಮ್ಮ ರಾಗಿ ಹೊಲದ ಮಣ್ಣಿನ ಬ್ಯಾಕ್ಟೀರಿಯಾ ಆರಿಸಿಕೊಂಡೆ. ಪ್ಲೇಟಿನ ಮೇಲೆ ಬೆಳೆಸಿ, ಅವುಗಳ ಗುರುತಿನ ಚೀಟಿಯಂತಿರುವ 16ಎಸ್ ಜೀನನ್ನು ಪಿಸಿಆರ್ ಮಾಡಿ, ಸೀಕ್ವೆನ್ಸ್ ಮಾಡಿಸಿ (ಅಂದರೆ ಅಕ್ಷರಗಳನ್ನು ಸಾಲಾಗಿ ಓದಿಸಿ) ಗುರುತು ಹಿಡಿಯುವುದು. ಎಲ್ಲರೂ ಬಳಸುವ ಪ್ರೈಮರ್‌ನಲ್ಲಿ 20 ಅಕ್ಷರ. ಜಿ, ಸಿ ಸೇರಿ 10, ಎ, ಟಿ ಸೇರಿ 10. ಜಿ-ಸಿಗೆ ತಲಾ 4, ಎ-ಟಿಗೆ ತಲಾ 2 ಹಿಡಿದರೆ 60 ಡಿಗ್ರಿ, ಅಷ್ಟು ಬಿಸಿಗೆ ಪ್ರೈಮರ್ ಡಿಎನ್‌ಎಯಿಂದ ಕಳಚತೊಡಗುತ್ತದೆ. ಐದು ಕಡಿಮೆ ಮಾಡಿ 55ಕ್ಕೆ ಯಂತ್ರ ಇಟ್ಟೆ. ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಸುಮಾರು 1,500 ಅಕ್ಷರದ ಜಾಗದಲ್ಲಿ ಬ್ಯಾಂಡ್, ಅಂದರೆ ಡಿಎನ್‌ಎಯ ಪಟ್ಟಿ, ಹೊಳೆಯಿತು. ಕುಣಿಯುವುದೊಂದು ಬಾಕಿ. ಆಗ ಜೆಲ್‌ನಲ್ಲಿ ಸ್ಯಾಂಪಲ್ ತುಂಬುವ ಗುಂಡಿಗಳಲ್ಲಿ ಕೊನೆಯದು ಕಣ್ಣಿಗೆ ಬಿತ್ತು. ಅದು ನೆಗೆಟಿವ್ ಕಂಟ್ರೋಲ್. ಬ್ಯಾಕ್ಟೀರಿಯಾದ ಡಿಎನ್‌ಎ ಬದಲು ಬರೀ ನೀರು ಹಾಕಿದ ಟ್ಯೂಬ್. ಅಲ್ಲೂ ಬ್ಯಾಂಡ್!

ಇಡೀ ಪ್ರಯೋಗದಲ್ಲಿ "ಇಲ್ಲದಿದ್ದರೆ?" ಅಂತ ಕೇಳುವ ಟ್ಯೂಬ್ ಅದೊಂದೇ. ಉತ್ತರ ಬಂದಿತ್ತು, ನನಗೆ ಬೇಡವಾದ ಉತ್ತರ. "ಆ ಕೊನೇ ಗುಂಡಿ ಬಿಟ್ಟು ಫೋಟೊ ಕ್ರಾಪ್ ಮಾಡ್ಕೊಳೇ, ಯಾರು ನೋಡ್ತಾರೆ" ಅಂದಳು ಗೆಳತಿ. ಸುಳ್ಳು ಹೇಳಲ್ಲ, ಎರಡು ದಿನ ಅದನ್ನೇ ಯೋಚಿಸಿದೆ. ಆಮೇಲೆ ಒಂದೊಂದನ್ನೇ ಬದಲಿಸಿದೆ. ಹೊಸ ನೀರು ಹಾಕಿದಾಗ ಬ್ಯಾಂಡ್ ಮಸುಕಾಯಿತು, ಹೋಗಲಿಲ್ಲ. ಹೊಸ ಟಿಪ್, ಬ್ಲೀಚಿನಲ್ಲಿ ಒರೆಸಿದ ಮೇಜು, ಆಗಲೂ ಹೋಗಲಿಲ್ಲ. ಕೊನೆಗೆ ಗೈಡ್ ಒಂದು ಮಾತು ಹೇಳಿದರು. ಟ್ಯಾಕ್ ಎಂಜೈಮನ್ನು ತಯಾರಿಸುವುದು ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ. ಎಷ್ಟು ಶುದ್ಧ ಮಾಡಿದರೂ ಅದರ ಡಿಎನ್‌ಎಯ ಚೂರುಪಾರು ಉಳಿಯಬಹುದು. 16ಎಸ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಜೀನ್, ಹಾಗಾಗಿ ಅದೂ ಹಿಗ್ಗುತ್ತದೆ. 35 ಸುತ್ತನ್ನು 28ಕ್ಕೆ ಇಳಿಸಿದೆ. ಸ್ಯಾಂಪಲ್‌ಗಳ ಬ್ಯಾಂಡ್ ಉಳಿಯಿತು, ನೀರಿನದು ಮಾಯವಾಯಿತು.

ಸೀಕ್ವೆನ್ಸ್ ಬಂದ ದಿನ ಇನ್ನೊಂದು ಫಜೀತಿ. ಗೊತ್ತಿರುವ ಸೀಕ್ವೆನ್ಸ್‌ಗಳ ಜೊತೆ ಹೋಲಿಸಿ ನೋಡುವ ಬ್ಲಾಸ್ಟ್‌ಗೆ ಹಾಕಿದರೆ ಒಂದು ಸ್ಯಾಂಪಲ್‌ಗೆ ಬ್ಯಾಸಿಲಸ್ ಸೀರಿಯಸ್, ಅದರ ಕೆಳಗೇ ಬ್ಯಾಸಿಲಸ್ ಆಂಥ್ರಾಸಿಸ್, ಎರಡೂ 100 ಪರ್ಸೆಂಟ್ ಅಂತ ಬಂತು. ಆಂಥ್ರಾಸಿಸ್ ಅಂದರೆ ಆಂಥ್ರಾಕ್ಸ್ ರೋಗದ ಬ್ಯಾಕ್ಟೀರಿಯಾ. ಎದೆ ಧಸಕ್ಕೆಂದಿತು. ಆ ಪ್ಲೇಟನ್ನು ನಾನು ಎಷ್ಟು ಸಲ ಮುಟ್ಟಿಲ್ಲ! ಗೈಡ್ ನಕ್ಕುಬಿಟ್ಟರು. ಆ ಗುಂಪಿನ 16ಎಸ್ ಜೀನ್‌ಗಳು ಹೆಚ್ಚುಕಡಿಮೆ ಒಂದೇ ಥರ, ಈ ಒಂದು ಜೀನಿನಿಂದ ಅವನ್ನು ಬೇರೆ ಮಾಡಲಾಗಲ್ಲ. ಸಾಮಾನ್ಯ ಮಣ್ಣಿನಲ್ಲಿ ಸೀರಿಯಸ್ ಕಡೆಯವರು ಸಿಗುವುದೇ ಜಾಸ್ತಿ. ಸ್ಕ್ರೀನಿನ ಮೇಲಿನ ಸಾಲನ್ನು ನೋಡಿ ಹೆಸರು ಬರೆದುಬಿಡುವ ಚಟ ನನಗೆ ಅಲ್ಲಿಗೆ ಬಿಟ್ಟಿತು.

ಅದೇ ಸೆಮಿಸ್ಟರ್‌ನಲ್ಲಿ ಜೀನೋಮಿಕ್ಸ್ ಪೇಪರ್, ಅಂದರೆ ಜೀವಿಯ ಪೂರ್ತಿ ಡಿಎನ್‌ಎ (ಜೀನೋಮ್) ಕುರಿತ ಪಾಠ. ಅದಕ್ಕೆ ಲ್ಯಾಬ್ ಇರಲಿಲ್ಲ, ಬರೀ ನೋಟ್ಸ್. ನಾನು ಹಳೇ ಲ್ಯಾಪ್‌ಟಾಪ್ ಹಿಡಿದು ಗ್ಯಾಲಕ್ಸಿ ಅನ್ನುವ ಉಚಿತ ವೇದಿಕೆಗೆ ಹೋದೆ. ಅಲ್ಲಿ ಕೋಡಿಂಗ್ ಗೊತ್ತಿರಬೇಕಿಲ್ಲ, ಲೆಕ್ಕ ನಡೆಯುವುದೂ ಅವರ ಕಂಪ್ಯೂಟರಿನಲ್ಲೇ. ಇ. ಕೋಲಿಯ ಜೀನೋಮ್ ಸುಮಾರು 46 ಲಕ್ಷ ಅಕ್ಷರ. 150 ಅಕ್ಷರದ ಚೂರುಗಳಲ್ಲಿ ಅದನ್ನು ಮೂವತ್ತು ಪಟ್ಟು ಓದಬೇಕೆಂದರೆ 9.2 ಲಕ್ಷ ಚೂರು ಬೇಕು. ಹರಿದು ಚಿಂದಿಯಾದ ಪುಸ್ತಕದ ಮೂವತ್ತು ಪ್ರತಿಗಳನ್ನು ಒಟ್ಟಿಗೆ ಸುರಿದು ಒಂದು ಪುಸ್ತಕ ಜೋಡಿಸಿದ ಹಾಗೆ. ನಾನು ಬೇಕೆಂದೇ ಮೂವತ್ತರ ಬದಲು ಐದು ಪಟ್ಟು ಮಾತ್ರ ಕೊಟ್ಟು ನೋಡಿದೆ. ಜೀನೋಮ್ ಪುಡಿಪುಡಿಯಾಗಿ ಬಂತು.

ಆದರೆ ಮೂವತ್ತು ಪಟ್ಟು ಕೊಟ್ಟರೂ ಒಂದೇ ತುಂಡು ಆಗಲಿಲ್ಲ. ಯಾಕೆ ಅಂತ ನೋಡುತ್ತಾ ಹೋದರೆ ಸಿಕ್ಕಿದ ಕಾರಣಗಳಲ್ಲಿ ಒಂದು ನನ್ನ ಹಳೇ ಗೆಳೆಯ 16ಎಸ್! ಆ ಜೀನ್ ಇರುವ, ಸುಮಾರು 5,000 ಅಕ್ಷರದ ಭಾಗ ಇ. ಕೋಲಿಯಲ್ಲಿ ಏಳು ಕಡೆ ಇದೆ. 150 ಅಕ್ಷರದ ಚೂರು ಅದರೊಳಗೆ ಬಿದ್ದರೆ ಏಳರಲ್ಲಿ ಯಾವುದರದು ಅಂತ ಹೇಳುವುದು ಹೇಗೆ? ಜೋಡಣೆ ಅಲ್ಲೇ ಕಡಿದುಹೋಗುತ್ತದೆ. ಬ್ಯಾಕ್ಟೀರಿಯಾದ್ದೇ ಈ ಪಾಡಾದರೆ ರಾಗಿಯದು ಹೇಗಿರಬೇಡ. ಸುಮಾರು 145 ಕೋಟಿ ಅಕ್ಷರ, ಅದೂ ಎರಡು ಪೂರ್ವಜರಿಂದ ಬಂದ ಜೋಡಿ ಜೀನೋಮ್ ಒಂದೇ ಕಾಳಿನಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಎಂಎಲ್-365 ತಳಿಯ ಜೀನೋಮನ್ನು 2017ರಲ್ಲಿ ಪ್ರಕಟಿಸಿದರು. ಆ ಪೇಪರನ್ನು ಮೂರು ಸಲ ಓದಿದೆ. ಮೊದಲ ಸಲ ಅರ್ಥವಾದದ್ದು ಹೆಸರು ಮಾತ್ರ.

ಪ್ರಾಜೆಕ್ಟ್ ವರದಿಯಲ್ಲಿ ನೀರಿನ ಟ್ಯೂಬಿನ ಬ್ಯಾಂಡ್ ಇದ್ದ ಮೊದಲ ಜೆಲ್ ಫೋಟೊವನ್ನು ಕ್ರಾಪ್ ಮಾಡದೇ ಹಾಕಿದೆ. ಅದರ ಪಕ್ಕದಲ್ಲೇ 28 ಸುತ್ತಿನದು. ವೈವಾಕ್ಕೆ ಬಂದ ಸರ್ ಆ ಪುಟದಲ್ಲೇ ನಿಂತುಬಿಟ್ಟರು. ನೀರು ಬದಲಿಸಿದಾಗ ಏನಾಯಿತು, ಸುತ್ತು ಯಾಕೆ ಇಳಿಸಿದೆ, 25ಕ್ಕೆ ಇಳಿಸಿದ್ದರೆ ಏನಾಗುತ್ತಿತ್ತು. ಅರ್ಧ ಗಂಟೆ ಕೇಳಿದ್ದು ಅಷ್ಟೇ. ಉಳಿದ ನಲವತ್ತು ಪುಟಗಳನ್ನು ಅವರು ತಿರುವಿಯೂ ನೋಡಲಿಲ್ಲ.