ಸ್ಪ್ಲೆಂಡರ್ ಎದ್ದು ನಿಂತ ದಿನ

ವೀಲಿಂಗ್ ಅಂದರೆ ದೊಡ್ಡ ಬೈಕಿನ ಹುಡುಗರ ಚಟ ಅಂತ ನಾನೂ ಅಂದುಕೊಂಡಿದ್ದೆ. ನನ್ನನ್ನು ಅಂಗಾತ ಕೆಡವಿದ್ದು 97 ಸಿಸಿಯ ಸ್ಪ್ಲೆಂಡರ್. ಹಿಂದೆ 45 ಕಿಲೋದ ಯೂರಿಯಾ ಮೂಟೆ ಇತ್ತು.

ಮೂಡಿಗೆರೆ ಕಡೆ ನಮ್ಮ ಸಣ್ಣ ಕಾಫಿ ತೋಟ. ಟಾರು ರಸ್ತೆ ಬಿಟ್ಟ ಮೇಲೆ ಕಡಿದಾದ ಏರು, ಅರ್ಧಕ್ಕೆ ಒಂದು ತಿರುವು. ಅವತ್ತು ತಿರುವಿನಲ್ಲೇ ಎದುರಿಗೆ ಜೀಪು ಬಂತು. ನಿಲ್ಲಿಸಿದೆ. ಜೀಪು ಹೋದ ಮೇಲೆ ನನ್ನ ಬೈಕು ಹಿಂದಕ್ಕೆ ಜಾರತೊಡಗಿತು. ಗಾಬರಿಯಲ್ಲಿ ಜೋರಾಗಿ ರೈಸ್ ಮಾಡಿ ಕ್ಲಚ್ ಬಿಟ್ಟೆ. ಮುಂದಿನ ಚಕ್ರ ಎದ್ದಿತು. ಬೀಳಬಾರದಲ್ಲ ಅಂತ ಹ್ಯಾಂಡಲನ್ನು ಜಗ್ಗಿ ಹಿಡಿದೆ. ಜಗ್ಗಿದ್ದಕ್ಕೆ ಮಣಿಕಟ್ಟು ಮಡಚಿ ಆಕ್ಸಿಲರೇಟರ್ ಇನ್ನಷ್ಟು ತಿರುಗಿತು. ಅಲ್ಲಿಗೆ ಕತೆ ಮುಗಿಯಿತು. ನಾನು ಕಾಫಿ ಗಿಡದ ಬುಡದಲ್ಲಿ, ಬೈಕು ಅಡ್ಡಡ್ಡ, ಯೂರಿಯಾ ದಾರಿಯ ಅಂಚಿಗೆಲ್ಲ. ಮೊಣಕೈ ತರಚಿತು, ಒಂದು ಇಂಡಿಕೇಟರ್ ಹೋಯಿತು, ಅಷ್ಟೇ. ಹೆಲ್ಮೆಟ್ ಇತ್ತು, ಪುಣ್ಯ.

ಸಂಜೆ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿದೆ. ಕ್ಯಾರಿಯರಿನ ಬಹುಪಾಲು ಹಿಂದಿನ ಆಕ್ಸಲ್‌ನಿಂದ ಆಚೆಗಿದೆ. ಅಲ್ಲಿ ಭಾರ ಹೇರಿದರೆ ಏತದ ಹಾಗೆ ಮೂತಿ ಮೇಲೇಳುತ್ತದೆ. ತಮ್ಮನಿಗೆ ಬೈಕು ಹಿಡಿದುಕೊಳ್ಳಲು ಹೇಳಿ ಹ್ಯಾಂಡಲ್ ಎತ್ತಿ ನೋಡಿದೆ, ಮೂಟೆ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ. ವ್ಯತ್ಯಾಸ ಕೈಗೇ ತಿಳಿಯಿತು. ಇದರ ಮೇಲೆ ಏರು, ಫಸ್ಟ್ ಗೇರಿನ ಎಳೆತ, ಹಿಂದೆ ಸರಿದು ಕೂತ ನಾನು. ಪಲ್ಟಿಯಾಗಲು ದೊಡ್ಡ ಇಂಜಿನ್ನೇ ಬೇಕು ಅಂತೇನಿಲ್ಲ.

ಈಗ ಗೊಬ್ಬರವನ್ನು ಎರಡು ಚೀಲ ಮಾಡಿ, ಹಸುಬೆಯಂತೆ ಸೀಟಿನ ಮೇಲಿಂದ ಎರಡೂ ಬದಿಗೆ ಇಳಿಬಿಟ್ಟು ಟ್ಯೂಬಿನಿಂದ ಬಿಗಿಯುತ್ತೇನೆ. ಭಾರ ತಗ್ಗಿನಲ್ಲೂ ಇರುತ್ತದೆ, ಆಕ್ಸಲ್‌ಗಿಂತ ಮುಂದೂ ಇರುತ್ತದೆ. ಕೆಲವರು ಟ್ಯಾಂಕಿನ ಮೇಲೆ ಮೂಟೆ ಇಟ್ಟುಕೊಳ್ಳುತ್ತಾರೆ. ಚಕ್ರವೇನೋ ಏಳುವುದಿಲ್ಲ, ಹ್ಯಾಂಡಲ್ ತಿರುಗಬೇಕಲ್ಲ!

ಏರಿನಲ್ಲಿ ನಿಂತು ಹೊರಡುವುದನ್ನು ಮೂಟೆ ಇಲ್ಲದೆ ಒಂದು ವಾರ ಅಭ್ಯಾಸ ಮಾಡಿದೆ. ಎಡಗಾಲು ನೆಲದಲ್ಲಿ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಟ್ಯಾಂಕಿಗೆ ತಾಗುವಷ್ಟು ಮುಂದೆ ಸರಿದು ಕೂರಬೇಕು, ಮೊಣಕೈ ಮಡಚಿರಬೇಕು, ಬಲಗೈಯ ಮಣಿಕಟ್ಟು ಸಪಾಟಾಗಿರಬೇಕು. ಸ್ವಲ್ಪ ರೈಸ್ ಕೊಟ್ಟು ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತಾ ಬಂದರೆ ಒಂದು ಕಡೆ ಇಂಜಿನ್ ಸದ್ದು ಕುಗ್ಗುತ್ತದೆ, ಬೈಕು ಮುಂದಕ್ಕೆ ತುಡಿಯುತ್ತದೆ. ಆಗ ಬ್ರೇಕ್ ಬಿಡಬೇಕು. ಕ್ಲಚ್ ಪೂರ್ತಿ ಬಿಡುವುದು ಚಕ್ರ ಉರುಳಿದ ಮೇಲೆ. ಮೊದಮೊದಲು ಹತ್ತು ಸಲ ಇಂಜಿನ್ ಆಫ್ ಆಯಿತು. ಆಗಲಿ ಬಿಡಿ, ಬೀಳುವುದಕ್ಕಿಂತ ವಾಸಿ ಅಲ್ವಾ?

ಇಷ್ಟಾಗಿಯೂ ಚಕ್ರ ಎದ್ದರೆ ಮೊದಲು ಕ್ಲಚ್ ಹಿಡಿಯಬೇಕು. ಅದಕ್ಕೇ ಎರಡು ಬೆರಳು ಸದಾ ಕ್ಲಚ್ ಮೇಲೆ. ಜೊತೆಗೇ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿದರೆ ಮೂತಿ ಇಳಿಯುತ್ತದೆ, ಬೈಕು ಹಿಂದಕ್ಕೂ ಜಾರುವುದಿಲ್ಲ. ಗಾಳಿಯಲ್ಲಿರುವ ಚಕ್ರದ ಬ್ರೇಕ್ ಒತ್ತಿ ಪ್ರಯೋಜನವಿಲ್ಲ. ಚಕ್ರ ನೆಲ ಮುಟ್ಟುವಾಗ ಹ್ಯಾಂಡಲ್ ನೇರ ಇರಲಿ.

ತಮ್ಮನ ಮಗ 373 ಸಿಸಿಯ ಡ್ಯೂಕ್ ತಂದಿದ್ದಾನೆ. ಅದಕ್ಕೆ ಮೂಟೆಯೇ ಬೇಕಿಲ್ಲ, ಫಸ್ಟ್ ಗೇರಿನಲ್ಲಿ ಹಂಪ್ ಮೇಲೆ ರೈಸ್ ಮಾಡಿದರೆ ಸಾಕು. ಅವನಿಗೆ ಹೇಳಿಕೊಟ್ಟಿದ್ದೂ ಇದೇ ಮಣಿಕಟ್ಟಿನ ಪಾಠ. ‘ದೊಡ್ಡಪ್ಪ, ನೀವು ಸ್ಪ್ಲೆಂಡರಲ್ಲಿ ವೀಲಿಂಗ್ ಮಾಡಿದವರಲ್ವಾ’ ಅಂತ ನಗುತ್ತಾನೆ.

ಯೂರಿಯಾ ಚೆಲ್ಲಿದ ಕಡೆ ಹುಲ್ಲು ಸುಟ್ಟು ಬಹಳ ದಿನ ಬೋಳಾಗಿತ್ತು. ಅದಕ್ಕಿಂತ ಇಪ್ಪತ್ತು ಮಾರು ಕೆಳಗೆ, ಸಮತಟ್ಟಿನಲ್ಲೇ ನಿಂತು ಈಗ ಹಾರ್ನ್ ಹೊಡೆಯುತ್ತೇನೆ. ಮೇಲಿನಿಂದ ಜೀಪು ಬರುತ್ತಿಲ್ಲ ಅಂತ ಖಾತ್ರಿಯಾದ ಮೇಲೇ ಏರು ಹತ್ತುವುದು.