ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಸ್ಕ್ರೀನ್ ಮೆಜೆಂಟಾ ಆದಾಗ: ನನ್ನ ಅನುಭವ

ಕಂಪ್ಯೂಟರಿಗೆ ಹೊಸ ಪಾರ್ಟ್ ಹಾಕಿದ ಮೇಲೆ ಸ್ಕ್ರೀನಿನ ಬಣ್ಣ ಕೆಟ್ಟರೆ ಎಲ್ಲರೂ ಮೊದಲು ಆ ಹೊಸ ಪಾರ್ಟನ್ನೇ ಬೈಯುತ್ತಾರೆ. ಹಾರ್ಡ್‌ವೇರ್ ಸರ್ವಿಸ್ ನನ್ನ ಕೆಲಸ. ಇಂಥ ಫೋನ್ ಬಂದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಬಣ್ಣ ಕೆಟ್ಟಿದ್ದು ಯಾವಾಗ? ಸ್ವಿಚ್ ಹಾಕಿದ ಕೂಡಲೇನಾ, ವಿಂಡೋಸ್ ಲೋಗೋ ಬಂದಾಗಲಾ, ಪಾಸ್‌ವರ್ಡ್ ಹಾಕಿದ ಮೇಲಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆಯೇ.

ದಾವಣಗೆರೆಯಲ್ಲಿ ಮದುವೆ ಆಲ್ಬಮ್ ಮಾಡುವ ಒಂದು ಸ್ಟುಡಿಯೊ ಇದೆ. ಆಲ್ಬಮ್ ಡಿಸೈನ್ ಮಾಡುವ ಕಂಪ್ಯೂಟರ್ ನಿಧಾನ ಆಗಿತ್ತು ಅಂತ ರ‍್ಯಾಮ್ ಹೆಚ್ಚಿಸಿ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರು. ಮಾನಿಟರ್ ಮಾತ್ರ ಹಳೆಯದೇ. ಅದರಲ್ಲಿ ಇರುವುದು ವಿಜಿಎ ಮತ್ತು ಡಿವಿಐ ಪೋರ್ಟ್ ಎರಡೇ. ಅದುವರೆಗೆ ಮದರ್‌ಬೋರ್ಡಿನ ವಿಜಿಎ ಪೋರ್ಟಿಗೆ ಕೇಬಲ್ ಹಾಕಿ ಕೆಲಸ ನಡೆಯುತ್ತಿತ್ತು. ಹೊಸ ಕಾರ್ಡಿನಲ್ಲಿ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್ ಮಾತ್ರ. ಹಾಗಾಗಿ ಮಧ್ಯೆ ಎಚ್‌ಡಿಎಂಐಯಿಂದ ವಿಜಿಎ ಮಾಡುವ ಒಂದು ಕನ್ವರ್ಟರ್ ಸಿಕ್ಕಿಸಿದ್ದರು. ಆನ್ ಮಾಡಿದರೆ ಇಡೀ ಸ್ಕ್ರೀನ್ ಕೆಂಪುಗುಲಾಬಿ, ಅಂದರೆ ಮೆಜೆಂಟಾ. "ಅಣ್ಣಾ, ಕಾರ್ಡ್ ಡೂಪ್ಲಿಕೇಟ್ ಕೊಟ್ಟುಬಿಟ್ಟಿದ್ದಾರೆ ಅನ್ಸುತ್ತೆ, ವಾಪಸ್ ಕಳಿಸ್ಲಾ?" ಅಂತ ಮಾಲೀಕರು ಫೋನ್ ಮಾಡಿದರು. ಕಳಿಸಬೇಡಿ, ನಾನು ಬರುವ ತನಕ ಏನನ್ನೂ ಬಿಚ್ಚಬೇಡಿ ಅಂದೆ.

ಹೋದ ಮೇಲೆ ಮಾಡಿದ ಮೊದಲ ಕೆಲಸ, ಮಾನಿಟರಿನ ಮೆನು ಬಟನ್ ಒತ್ತಿದ್ದು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ತೋರಿಸುವ ಆ ಸಣ್ಣ ಚೌಕವನ್ನು ಬರೆಯುವುದು ಮಾನಿಟರೇ. ಅದಕ್ಕೂ ಕಂಪ್ಯೂಟರಿಗೂ ಸಂಬಂಧ ಇಲ್ಲ. ಹಿಂದೆ ಎಲ್ಲವೂ ಮೆಜೆಂಟಾ, ಅದರ ಮೇಲೆ ಬಂದ ಮೆನುವಿನಲ್ಲಿ ಮಾತ್ರ ಬಿಳಿ ಬಿಳಿಯಾಗಿತ್ತು, ಹಸಿರು ಹಸಿರಾಗಿತ್ತು. ಅಂದರೆ ಪ್ಯಾನಲ್ ಚೆನ್ನಾಗಿದೆ. ಆಮೇಲೆ ರೀಸ್ಟಾರ್ಟ್ ಮಾಡಿ ಡಿಲೀಟ್ ಕೀ ಒತ್ತಿ ಬಯೋಸ್ (ಮದರ್‌ಬೋರ್ಡಿನದೇ ಸೆಟ್ಟಿಂಗ್ ಪುಟ) ಒಳಗೆ ಹೋದೆ. ಅಲ್ಲೂ ಅದೇ ಬಣ್ಣ. ಬಯೋಸ್ ಹಂತದಲ್ಲಿ ವಿಂಡೋಸ್ ಇನ್ನೂ ಎದ್ದೇ ಇರುವುದಿಲ್ಲ, ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಲೋಡ್ ಆಗಿರುವುದಿಲ್ಲ. ಹಾಗಾಗಿ ಡ್ರೈವರ್ ತೆಗೆದು ಮತ್ತೆ ಹಾಕುವುದು, ವಿಂಡೋಸ್ ಫಾರ್ಮ್ಯಾಟ್ ಮಾಡುವುದು ಇವೆಲ್ಲ ಸುಮ್ನೆ ದಂಡ. ಉಳಿದದ್ದು ಕಾರ್ಡ್, ಕನ್ವರ್ಟರ್, ಕೇಬಲ್.

ಇಲ್ಲಿ ಕೆಟ್ಟ ಬಣ್ಣ ಯಾವುದು ಅನ್ನುವುದೇ ದೊಡ್ಡ ಸುಳಿವು. 1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರಿನ ಜೊತೆ ಬಂದ ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ. ಒಂದೊಂದು ತಂತಿಯಲ್ಲೂ 0ಯಿಂದ 0.7 ವೋಲ್ಟ್. ವೋಲ್ಟೇಜ್ ಹೆಚ್ಚಾದಷ್ಟೂ ಆ ಬಣ್ಣದ ಬೆಳಕು ಹೆಚ್ಚು. ಒಂದು ತಂತಿ ಕಡಿದರೆ ಆ ಬಣ್ಣವೊಂದೇ ಹೋಗುತ್ತದೆ, ಚಿತ್ರ ಮಾತ್ರ ಸ್ಪಷ್ಟವಾಗಿಯೇ ಇರುತ್ತದೆ. ಕೆಂಪು ಹೋದರೆ ಬಿಳಿ ಜಾಗ ಸಯಾನ್ (ಹಸಿರು ಬೆರೆತ ನೀಲಿ) ಆಗುತ್ತದೆ. ಹಸಿರು ಹೋದರೆ ಮೆಜೆಂಟಾ. ನೀಲಿ ಹೋದರೆ ಹಳದಿ. ಸಯಾನ್, ಮೆಜೆಂಟಾ, ಹಳದಿ ಅಂದ ಕೂಡಲೇ ಪ್ರಿಂಟಿಂಗ್ ಮಾಡುವವರಿಗೆ ಇಂಕ್ ನೆನಪಾಗುತ್ತದೆ, ಅಲ್ವಾ? ಅದೇ ಮೂರು ಬಣ್ಣ. ಸಿಎಂವೈಕೆ (ಈ ಮೂರರ ಜೊತೆ ಕಪ್ಪು ಸೇರಿದ ಪ್ರಿಂಟಿಂಗ್ ಬಣ್ಣಗಳು) ಗೊತ್ತಿರುವ ಡಿಸೈನರ್ ಹುಡುಗನಿಗೆ ಇದನ್ನು ಹೇಳಿದ ತಕ್ಷಣ ಅವನೇ, "ಹಾಗಾದ್ರೆ ಹಸಿರು ಬರ್ತಿಲ್ಲ ಸಾರ್" ಅಂದ. ಖಚಿತ ಮಾಡಿಕೊಳ್ಳಲು ಅವನ ಫೋಲ್ಡರಿನಿಂದ ಚಪ್ಪರದ ಮಾವಿನ ತೋರಣ ಇರುವ ಒಂದು ಫೋಟೋ ತೆರೆದೆವು. ಎಲೆಗಳು ಕಪ್ಪಾಗಿ ಕಂಡವು.

ಹಸಿರು ಎಲ್ಲಿ ಕಡಿದಿದೆ ಅಂತ ತಿಳಿಯಲು ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಹೊಸ ಕಾರ್ಡನ್ನು ತೆಗೆದಿಟ್ಟೆ. ಅದೇ ವಿಜಿಎ ಕೇಬಲನ್ನು ಮದರ್‌ಬೋರ್ಡಿನ ಹಳೇ ಪೋರ್ಟಿಗೆ ಹಾಕಿ ಆನ್ ಮಾಡಿದರೆ ಆಗಲೂ ಮೆಜೆಂಟಾ. ಅಲ್ಲಿಗೆ ಕಾರ್ಡಿನ ಮೇಲಿನ ಅನುಮಾನ ಹೋಯಿತು, ಕನ್ವರ್ಟರಿನ ಮೇಲಿನದೂ ಹೋಯಿತು. ಕಾರ್ಡ್ ಹೊಸದು ಅಂತ ಅದನ್ನೇ ವಾಪಸ್ ಕಳಿಸಿದ್ದರೆ ಇನ್ನೊಂದು ಕಾರ್ಡ್ ಬಂದಾಗಲೂ ಇದೇ ಗೋಳು.

ಕೇಬಲಿನ ತುದಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿದೆ. ವಿಜಿಎ ಪ್ಲಗ್ಗಿನ ಅಗಲದ ಬದಿ ಮೇಲೆ ಬರುವಂತೆ ಹಿಡಿದು ಪಿನ್ನುಗಳನ್ನು ಎದುರಿಗೆ ನೋಡಿದರೆ ಮೇಲಿನ ಸಾಲಿನಲ್ಲಿ ಎಡದಿಂದ ಮೊದಲನೆಯದು ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ. ಎರಡನೇ ಪಿನ್ ಮಲಗಿತ್ತು. ಕನ್ವರ್ಟರ್ ಕಡೆಯ ಸ್ಕ್ರೂ ತೂತು ಸರಿಯಾಗಿ ಹೊಂದದೆ ಪ್ಲಗ್ ಓರೆಯಾಗಿ ಕೂತಿತ್ತು. ಹಾಗೆ ಒತ್ತಿ ಕೂರಿಸುವಾಗ ಪಿನ್ ಬಾಗಿದೆ. ಇನ್ನೊಂದು ವಿಷಯ: ಎಷ್ಟೋ ಕೇಬಲ್‌ಗಳಲ್ಲಿ 9ನೇ ಪಿನ್ ಇರುವುದೇ ಇಲ್ಲ. ಮಧ್ಯದ ಸಾಲಿನಲ್ಲಿ ಒಂದು ಪಿನ್ ಕಾಣಲಿಲ್ಲ ಅಂತ ಗಾಬರಿ ಬೇಡ.

ಬಾಗಿದ ಪಿನ್ ನೆಟ್ಟಗೆ ಮಾಡಲು ಕಟಿಂಗ್ ಪ್ಲೇಯರ್ ಬಳಸಬೇಡಿ, ಪಿನ್ ತುಂಡಾಗುತ್ತದೆ. ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ ಸಾಕು. ಅದರ ಲೋಹದ ಮೂತಿ ಪಿನ್ನಿನ ಮೇಲೆ ಸರಿಯಾಗಿ ಕೂರುತ್ತದೆ. ಕೂರಿಸಿ, ಬುಡದಿಂದ ನಿಧಾನಕ್ಕೆ ಎತ್ತಬೇಕು. ಒಂದೇ ಸಲಕ್ಕೆ ಪೂರ್ತಿ ಎತ್ತದೆ ಸ್ವಲ್ಪ ಎತ್ತಿ, ಪಕ್ಕದ ಪಿನ್ನಿನ ಜೊತೆ ಹೋಲಿಸಿ ನೋಡಿ, ಮತ್ತೆ ಸ್ವಲ್ಪ. ಕೇಬಲ್ ಹಾಕಿದೆ, ಬಣ್ಣ ಬಂತು. ಆದರೆ ಒಮ್ಮೆ ಬಾಗಿ ಎದ್ದ ಪಿನ್ನನ್ನು ನಾನು ನಂಬುವುದಿಲ್ಲ. ಪರೀಕ್ಷೆಗೆ ಮಾತ್ರ ಅದನ್ನು ಇಟ್ಟುಕೊಂಡು, ಎಚ್‌ಡಿಎಂಐಯಿಂದ ನೇರವಾಗಿ ಡಿವಿಐಗೆ ಹೋಗುವ ಹೊಸ ಕೇಬಲ್ ತರಿಸಿದೆ. ಎರಡೂ ಕಡೆ ಡಿಜಿಟಲ್ ಸಿಗ್ನಲೇ ಇರುವುದರಿಂದ ಮಧ್ಯೆ ಕನ್ವರ್ಟರ್ ಬೇಕಿಲ್ಲ. ಆಲ್ಬಮ್ ಕೆಲಸ ಮಾಡುವವರು ಮಾನಿಟರಿನಲ್ಲಿ ಡಿವಿಐ ಇಟ್ಟುಕೊಂಡು ವಿಜಿಎ ಬಳಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಎಚ್ಚರ: ಅಂಗಡಿಗಳಲ್ಲಿ ಡಿವಿಐಯಿಂದ ವಿಜಿಎ ಮಾಡುವ ಸಣ್ಣ ಅಡಾಪ್ಟರ್ ಕೊಡುತ್ತಾರೆ. ಎನ್‌ವಿಡಿಯಾದ 2016ರ ಜಿಟಿಎಕ್ಸ್ 10 ಸರಣಿಯಿಂದ ಈಚಿನ ಕಾರ್ಡುಗಳ ಡಿವಿಐಯಲ್ಲಿ ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲೇ ಇಲ್ಲ. ಅವಕ್ಕೆ ಆ ಅಡಾಪ್ಟರ್ ಕೆಲಸ ಮಾಡುವುದಿಲ್ಲ.

ಕಾರ್ಡ್ ಮತ್ತೆ ಕೂರಿಸಿ, ಹೊಸ ಕೇಬಲಿನಲ್ಲಿ ಆನ್ ಮಾಡಿದಾಗ ಬಯೋಸ್, ವಿಂಡೋಸ್ ಲೋಗೋ, ಪಾಸ್‌ವರ್ಡ್ ಪುಟ ಎಲ್ಲವೂ ಸರಿ ಇತ್ತು. ಪಾಸ್‌ವರ್ಡ್ ಹಾಕಿ ಐಕಾನ್‌ಗಳು ಬಂದ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಹಳದಿ ಕಡೆಗೆ ವಾಲಿತು. ಇದು ಮೆಜೆಂಟಾದಷ್ಟು ಜೋರಿಲ್ಲ. ಎಷ್ಟೋ ಜನ ಗಮನಿಸುವುದೂ ಇಲ್ಲ. ಆದರೆ ಮದುಮಗಳ ಮುಖದ ಬಣ್ಣ ಸರಿ ಮಾಡುವವರಿಗೆ ಇದೇ ಜಾಸ್ತಿ ಅಪಾಯ. ಸ್ಕ್ರೀನ್ ಹಳದಿ ಇದೆ ಅಂತ ಫೋಟೋಗೆ ನೀಲಿ ಸೇರಿಸುತ್ತಾರೆ, ಲ್ಯಾಬಿನಿಂದ ಆಲ್ಬಮ್ ಬಂದಾಗ ಮುಖ ನೀಲಿಗಟ್ಟಿರುತ್ತದೆ.

ವಾಲ್‌ಪೇಪರ್ ತೆಗೆದು ಬರೀ ಬೂದು ಬಣ್ಣ ಹಾಕಿ ರೀಸ್ಟಾರ್ಟ್ ಮಾಡಿದೆ. ಬಣ್ಣ ಸ್ವಲ್ಪ ವಾಲಿದರೂ ಬೂದಿನಲ್ಲಿ ಬೇಗ ಸಿಕ್ಕಿಬೀಳುತ್ತದೆ. ಬೂದು ಹಳದಿಗಟ್ಟಿದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿಕೊಂಡೆ. ಫೋನಿನಲ್ಲಿ ಶುದ್ಧ ಬೂದು. ಸ್ಕ್ರೀನ್‌ಶಾಟ್ ಹಿಡಿಯುವುದು ಮೆಮೊರಿಯಲ್ಲಿರುವ ಚಿತ್ರವನ್ನು. ಅದು ಸರಿ ಇದ್ದು ಕಣ್ಣಿಗೆ ಕಾಣುವುದು ತಪ್ಪಾಗಿದ್ದರೆ, ಚಿತ್ರ ಕಾರ್ಡಿನಿಂದ ಹೊರಗೆ ಹೋಗುವ ಹಂತದಲ್ಲಿ ಅಥವಾ ಆಮೇಲೆ ಬಣ್ಣ ಬದಲಾಗುತ್ತಿದೆ ಅಂತ ಅರ್ಥ. ಕೇಬಲ್ ಮತ್ತು ಮಾನಿಟರ್ ಪಾಸ್‌ವರ್ಡ್ ಪುಟದ ತನಕ ಸರಿಯಾಗಿಯೇ ಇದ್ದವು. ಲಾಗಿನ್ ಆದ ಮೇಲೆ ಏನೋ ಒಂದು ಪ್ರೋಗ್ರಾಂ ಎದ್ದು ಕಾರ್ಡಿನ ಬಣ್ಣದ ಕರ್ವ್ (ಯಾವ ಬಣ್ಣ ಎಷ್ಟು ಹೊರಗೆ ಹೋಗಬೇಕು ಅನ್ನುವ ಲೆಕ್ಕ) ಬದಲಾಯಿಸುತ್ತಿದೆ.

ರಾತ್ರಿ ಹೊತ್ತು ಸ್ಕ್ರೀನನ್ನು ಹಳದಿ ಮಾಡುವ ವಿಂಡೋಸಿನ ನೈಟ್ ಲೈಟ್ ನೋಡಿದೆ, ಆಫ್ ಇತ್ತು. ಕಾರ್ಡಿನ ಕಂಟ್ರೋಲ್ ಪ್ಯಾನಲಿನಲ್ಲಿ ಬಣ್ಣದ ಸೆಟ್ಟಿಂಗ್ ಡಿಫಾಲ್ಟಿನಲ್ಲೇ ಇತ್ತು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ ತೆರೆದಾಗ ಸಿಕ್ಕಿತು: ಹಿಂದೆ ಯಾವಾಗಲೋ ಮಾನಿಟರ್ ಕ್ಯಾಲಿಬ್ರೇಟ್ ಮಾಡಿದ್ದ, ಅಂದರೆ ಬಣ್ಣ ಅಳೆದು ಸರಿಪಡಿಸಿದ್ದ ಉಪಕರಣದ ಸಾಫ್ಟ್‌ವೇರ್. ಪ್ರತಿ ಸಲ ಲಾಗಿನ್ ಆದಾಗ ಆಗ ಅಳೆದು ಉಳಿಸಿದ ಫೈಲಿನ, ಅಂದರೆ ಹಳೇ ಪ್ರೊಫೈಲಿನ ಕರ್ವನ್ನು ಕಾರ್ಡಿಗೆ ತುಂಬುವುದು ಅದರ ಕೆಲಸ. ಆ ಕರ್ವ್ ಅಳೆದದ್ದು ಮದರ್‌ಬೋರ್ಡಿನ ವಿಜಿಎಯಲ್ಲಿ. ಆ ದಾರಿಯಲ್ಲಿ ಬರುತ್ತಿದ್ದ ಬಣ್ಣದ ಏರುಪೇರಿಗೆ ತಕ್ಕ ಹಾಗೆ ಅದು ನೀಲಿಯನ್ನು ತಗ್ಗಿಸುತ್ತಿತ್ತು. ಈಗ ದಾರಿಯೇ ಬದಲಾಗಿದೆ. ಕಣ್ಣಿನ ಪವರ್ ಬದಲಾದ ಮೇಲೂ ಹಳೇ ಕನ್ನಡಕ ಹಾಕಿಕೊಂಡ ಹಾಗೆ ಆಗಿತ್ತು.

ಅದನ್ನು ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿದೆ, ಬೂದು ಬೂದಾಗಿಯೇ ಉಳಿಯಿತು. ಆಮೇಲೆ ಕಲರ್ ಮ್ಯಾನೇಜ್‌ಮೆಂಟ್ ತೆರೆದು, ಡಿವೈಸಸ್ ಟ್ಯಾಬಿನಲ್ಲಿ ಈ ಮಾನಿಟರ್ ಆರಿಸಿ, ಹಳೇ ಪ್ರೊಫೈಲ್ ತೆಗೆದುಹಾಕಿದೆ. ಇದನ್ನು ಬಿಡಬಾರದು. ಕರ್ವ್ ತುಂಬುವ ಪ್ರೋಗ್ರಾಂ ನಿಂತರೂ ಪ್ರೊಫೈಲ್ ಉಳಿದಿದ್ದರೆ ಫೋಟೋಶಾಪ್ ಅದನ್ನೇ ಓದಿಕೊಂಡು ಬಣ್ಣ ತೋರಿಸುತ್ತದೆ.

ಎಲ್ಲ ಕೇಸೂ ಹೀಗಿರುವುದಿಲ್ಲ. ಎಚ್‌ಡಿಎಂಐಯಲ್ಲಿ ಮುಖವೆಲ್ಲ ಹಸಿರು, ಗುಲಾಬಿ ಕಲಸಿದ ಹಾಗೆ ಕಂಡರೆ, ಕಾರ್ಡ್ ಒಂದು ಬಗೆಯ ಬಣ್ಣದ ಫಾರ್ಮ್ಯಾಟ್ ಕಳಿಸುತ್ತಿದೆ, ಮಾನಿಟರ್ ಅದನ್ನು ಇನ್ನೊಂದು ಅಂತ ಓದುತ್ತಿದೆ. ಕಂಟ್ರೋಲ್ ಪ್ಯಾನಲಿನಲ್ಲಿ ಔಟ್‌ಪುಟ್ ಫಾರ್ಮ್ಯಾಟನ್ನು ಆರ್‌ಜಿಬಿ ಮಾಡಿ, ಮಾನಿಟರಿನ ಮೆನುವಿನಲ್ಲೂ ಆರ್‌ಜಿಬಿ ಅಂತಲೇ ಇದೆಯಾ ನೋಡಿ. ಕಪ್ಪು ಮಸುಕಾಗಿ ಬೂದು ಕಂಡರೆ ಕಪ್ಪಿನಿಂದ ಬಿಳಿಯವರೆಗಿನ ಅಂಕಿಗಳ ರೇಂಜ್ ತಪ್ಪಿದೆ: 16–235 ಹೋಗುತ್ತಿರುವ ಕಡೆ 0–255 ಬೇಕು, ಅಂದರೆ ಲಿಮಿಟೆಡ್ ಇರುವುದನ್ನು ಫುಲ್ ಮಾಡಬೇಕು. ಬಯೋಸ್‌ನಲ್ಲೇ ಬಣ್ಣಬಣ್ಣದ ಚೌಕ, ಗೆರೆ, ಚುಕ್ಕಿ ತುಂಬಿದ್ದರೆ ಆಗ ಕಾರ್ಡಿನ ಮೇಲೆ ಅನುಮಾನ ಪಡಬೇಕು. ಆಗಲೂ ಕಾರ್ಡ್ ತೆಗೆದು ಮತ್ತೆ ಕೂರಿಸಿ, ಕಾರ್ಡಿಗೆ ಹೋಗುವ ಪವರ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ, ಬೇರೆ ಕೇಬಲಿನಲ್ಲೂ ಪರೀಕ್ಷಿಸಿದ ನಂತರವೇ ವಾರಂಟಿಗೆ ಕಳಿಸಿ.

ಸ್ಟುಡಿಯೊದಲ್ಲಿ ಕೊನೆಗೆ ಉಳಿದದ್ದು ಹೊಸದಾಗಿ ಕ್ಯಾಲಿಬ್ರೇಟ್ ಮಾಡುವುದು. ಮಾನಿಟರ್ ಅರ್ಧ ಗಂಟೆ ಆನ್ ಇದ್ದು ಬಿಸಿಯಾದ ಮೇಲೆ, ಬಿಳಿ 6500 ಕೆಲ್ವಿನ್, ಗಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) 2.2 ಇಟ್ಟು ಅಳೆದೆವು. ಹೊಸ ಪ್ರೊಫೈಲ್ ಉಳಿಸುವಾಗ ಹೆಸರಿನಲ್ಲೇ ಕಾರ್ಡಿನ ಮಾಡೆಲ್, 'ಡಿವಿಐ' ಮತ್ತು ತಿಂಗಳು ಸೇರಿಸಿದೆ. ಮುಂದೆ ಕಾರ್ಡ್ ಅಥವಾ ಕೇಬಲ್ ಬದಲಾಯಿಸುವವರಿಗೆ ಈ ಪ್ರೊಫೈಲ್ ಇನ್ನು ಉಪಯೋಗ ಇಲ್ಲ ಅಂತ ಹೆಸರು ಓದಿದ ಕೂಡಲೇ ಗೊತ್ತಾಗುತ್ತದೆ.