ಚಾಮುಂಡಿ ಬೆಟ್ಟದಿಂದ ಅರಮನೆ ದೀಪದ ಫೋಟೊ ತೆಗೆಯುವುದು ಹೇಗೆ?

ಚಾಮುಂಡಿ ಬೆಟ್ಟಕ್ಕೆ ಹೋದವರೆಲ್ಲ ವ್ಯೂ ಪಾಯಿಂಟಿನಲ್ಲಿ ಗಾಡಿ ನಿಲ್ಲಿಸಿ ಮೈಸೂರಿನ ಫೋಟೊ ಹೊಡೆಯುತ್ತಾರೆ. ಮನೆಗೆ ಬಂದು ನೋಡಿದರೆ ಅರಮನೆ ಎಲ್ಲಿದೆ ಅಂತ ಹುಡುಕಬೇಕು! ಇದರಲ್ಲಿ ಅರ್ಧ ತಪ್ಪು ದೂರದ್ದು, ಇನ್ನರ್ಧ ಹೋದ ಹೊತ್ತಿನದು.

ಹಾಗಾಗಿ ಮೊದಲು ದಿನ ಗೊತ್ತುಮಾಡಿಕೊಳ್ಳಿ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ 7ಕ್ಕೆ ಹತ್ತುತ್ತವೆ, ಸುಮಾರು ಮುಕ್ಕಾಲು ಗಂಟೆ ಉರಿದು ಆರುತ್ತವೆ. ಡಿಸೆಂಬರಿನಲ್ಲಿ ಸೂರ್ಯ 6ರ ಹೊತ್ತಿಗೇ ಮುಳುಗುವುದರಿಂದ ದೀಪ ಹತ್ತುವಷ್ಟರಲ್ಲಿ ಆಕಾಶ ಪೂರ್ತಿ ಕಪ್ಪು. ಏಪ್ರಿಲ್, ಮೇನಲ್ಲಿ ಹಾಗಲ್ಲ. ಆಗ ಮುಳುಗುವುದೇ 6.35ರಿಂದ 6.40ರ ಸುಮಾರಿಗೆ, ಹಾಗಾಗಿ 7ಕ್ಕೆ ಆಕಾಶದಲ್ಲಿ ಇನ್ನೂ ಒಂದಿಷ್ಟು ಕಡುನೀಲಿ ಉಳಿದಿರುತ್ತದೆ. ನಿಮಗೆ ಬೇಕಾಗಿರುವುದು ಆ ಐದ್ಹತ್ತು ನಿಮಿಷ ಮಾತ್ರ. ಜೂನ್, ಜುಲೈನಲ್ಲಿ ಹೊತ್ತು ಇನ್ನೂ ಚೆನ್ನಾಗಿ ಕೂಡಿಬರುತ್ತದೆ, ಆದರೆ ಮೋಡ ಬಿಡಬೇಕಲ್ವಾ? ಆಷಾಢ ಶುಕ್ರವಾರಗಳಂತೂ ಬೇಡವೇ ಬೇಡ. ಜನವೋ ಜನ, ಸ್ವಂತ ಗಾಡಿಗಳನ್ನು ಸಾಮಾನ್ಯವಾಗಿ ಮೇಲೆ ಬಿಡುವುದೂ ಇಲ್ಲ.

ನಗರ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸು ಬೆಟ್ಟಕ್ಕೆ ಹೋಗುತ್ತದೆ. 6 ಗಂಟೆಗೆಲ್ಲ ಮೇಲಿರಿ. ತಡವಾದರೆ ಕಂಬಿಯ ಪಕ್ಕ ಸೆಲ್ಫಿಯವರ ಮೊಣಕೈಗಳ ಮಧ್ಯೆ ಜಾಗ ಹುಡುಕಬೇಕಾಗುತ್ತದೆ.

ಈಗ ದೂರದ ವಿಷಯ. ಅರಮನೆ ಅಲ್ಲಿಂದ ನೇರ ಲೆಕ್ಕದಲ್ಲಿ 4 ಕಿಲೋಮೀಟರ್ ಹತ್ತಿರ. ಫೋನಿನ ಮಾಮೂಲಿ ಲೆನ್ಸಿನಲ್ಲಿ ಅದು ಅಕ್ಕಿ ಕಾಳಿನಷ್ಟು ಕಾಣುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇರುವ ಫೋನಾದರೆ ಅದನ್ನೇ ಬಳಸಿ, ಅದಕ್ಕಿಂತ ಮುಂದೆ ಬೆರಳಲ್ಲಿ ಎಳೆದು ಜೂಮ್ ಮಾಡಿದರೆ ಸುಮ್ನೆ ಚಿತ್ರ ಕಲಸಿಹೋಗುತ್ತದೆ. ಕ್ಯಾಮೆರಾ ಇದ್ದವರಿಗೆ 200ರಿಂದ 300 ಎಂಎಂ ಲೆನ್ಸ್ ಬೇಕು. ಟ್ರೈಪಾಡನ್ನು ಕಂಬಿಗೆ ತಾಗಿಸಬೇಡಿ, ಯಾರಾದರೂ ಒರಗಿದರೆ ಸಾಕು, ಕಂಬಿಯ ಜೊತೆ ಅದೂ ಅದುರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 8, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 2 ಸೆಕೆಂಡು ಇಟ್ಟು ಶುರುಮಾಡಿ, ಕತ್ತಲಾದಂತೆ ಶಟರಿನ ಹೊತ್ತು ಹೆಚ್ಚಿಸುತ್ತಾ ಹೋಗಿ. ಬಟನ್ ಒತ್ತುವಾಗ ಅಲುಗದಂತೆ ಟೈಮರ್ ಹಾಕಿಕೊಳ್ಳಿ.

ಫೋನಿನವರು ಮಾಡಬೇಕಾದ್ದು ಒಂದೇ. ಪರದೆಯಲ್ಲಿ ಅರಮನೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಜಾರಿಸಿ. ಇಲ್ಲದಿದ್ದರೆ ಗೋಪುರ, ಕಮಾನು ಎಲ್ಲ ಸೇರಿ ಒಂದು ಹಳದಿ ಮುದ್ದೆಯಾಗುತ್ತದೆ. ಜಾರಿಸುತ್ತಾ ಹೋದಂತೆ ಬಲ್ಬಿನ ಸಾಲುಗಳು ಒಂದೊಂದಾಗಿ ಬಿಡಿಸಿಕೊಂಡು ಕಾಣತೊಡಗುತ್ತವೆ. ಅಲ್ಲಿಗೆ ನಿಲ್ಲಿಸಿ.

ದೀಪ ಬೇಡ, ಊರು ಕಂಡರೆ ಸಾಕು ಅನ್ನುವವರು ಚಳಿಗಾಲದ ಬೆಳಿಗ್ಗೆ ಹೋಗಿ. ಮಂಜು ಬಿಟ್ಟ ಮೇಲೆ ಬಿಸಿಲು ನಿಮ್ಮ ಬೆನ್ನ ಬಲಕ್ಕಿರುತ್ತದೆ, ಕಾರಂಜಿ ಕೆರೆ, ಬೆಳ್ಳಗಿನ ಲಲಿತಮಹಲ್, ರೇಸ್‌ಕೋರ್ಸ್ ಎಲ್ಲ ಸ್ಪಷ್ಟ. ಆಗ ಮೆಟ್ಟಿಲು ಹತ್ತಿಯೇ ಹೋಗುವುದು ಒಳ್ಳೆಯದು. ಸಾವಿರ ಮೆಟ್ಟಿಲು, ದಾರಿಯಲ್ಲಿ 17ನೇ ಶತಮಾನದ ದೊಡ್ಡ ನಂದಿ, ಬಗ್ಗಿ ಒಂದೊಂದೇ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹರಕೆಯ ಹೆಂಗಸರು. ಅವರ ಫೋಟೊ ಬೇಕಾದರೆ ‘ಅಮ್ಮಾ, ಒಂದು ತೆಗೀಲಾ?’ ಅಂತ ಕೇಳಿಯೇ ತೆಗೆಯಿರಿ. ಕತ್ತಲಲ್ಲಿ ಮಾತ್ರ ಮೆಟ್ಟಿಲ ದಾರಿ ಬೇಡ, ಬೆಟ್ಟದಲ್ಲಿ ಚಿರತೆ ಇವೆ. ಹಗಲಲ್ಲಿ ಕೋತಿಗಳ ಕಾಟ, ಕೈಯಲ್ಲಿ ತಿಂಡಿ ಕವರ್ ಇದ್ದರೆ ಬ್ಯಾಗಿಗೆ ಸೇರಿಸಿ, ಆಮೇಲೆ ಕ್ಯಾಮೆರಾ ತೆಗೆಯಿರಿ.